ಕಿಟೆಲರ ಬದುಕು ಮತ್ತು ಜೋಡಿ ಕ್ರಿಯಾಪದಗಳ ಪಾಠ

ಪ್ರೌಢಶಾಲೆಯ ಇಂಗ್ಲಿಷಿನಲ್ಲಿ ಅಭ್ಯಾಸ ಪಾಠಕ್ಕೆ ಹೋದ ಯಾರಿಗೂ ತಪ್ಪದ ಒಂದು ವಿಷಯ ಫ್ರೇಸಲ್ ವರ್ಬ್. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಒಂದು ಪ್ರೆಪೊಸಿಷನ್. ಎರಡೂ ಸೇರಿದರೆ ಮೂರನೆಯದೇ ಒಂದು ಅರ್ಥ. ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮಾಡುವುದು ಒಂದು ಚಾರ್ಟ್. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಇಪ್ಪತ್ತು ಸಾಲು. ಲುಕ್ ಆಫ್ಟರ್ ಎಂದರೆ ನೋಡಿಕೊಳ್ಳು, ಗಿವ್ ಅಪ್ ಎಂದರೆ ಬಿಟ್ಟುಬಿಡು, ಫೈಂಡ್ ಔಟ್ ಎಂದರೆ ಕಂಡುಹಿಡಿ. ಮಕ್ಕಳು ಕೂಡಿ ಹೇಳುತ್ತಾರೆ, ಘಟಕ ಪರೀಕ್ಷೆಯ ಹೊತ್ತಿಗೆ ಅರ್ಧ ಮರೆಯುತ್ತಾರೆ. ಆ ಚಾರ್ಟಿನ ಎರಡು ಕಂಬಗಳ ನಡುವಿನ ಖಾಲಿ ಜಾಗದಲ್ಲಿ ತನ್ನ ಬದುಕಿನ ಹೆಚ್ಚಿನ ಭಾಗವನ್ನು ಕಳೆದ ಒಬ್ಬರು ಕನ್ನಡನಾಡಿನಲ್ಲಿದ್ದರು. ಅವರಿಗೆ ಎಡಗಡೆಯ ಭಾಷೆಯೂ ಮನೆಮಾತಲ್ಲ, ಬಲಗಡೆಯದೂ ಅಲ್ಲ. ಅವರು ಫರ್ಡಿನಾಂಡ್ ಕಿಟೆಲ್. ನಿಘಂಟಿನ ಕಿಟೆಲರು ಎಂದು ಎಲ್ಲರೂ ಬಲ್ಲರು. ಕ್ರಿಯಾಪದಗಳ ಕಿಟೆಲರನ್ನು ಇಲ್ಲಿ ನೋಡಬೇಕೆಂದಿದ್ದೇನೆ.

ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ನಮ್ಮ ಕರಾವಳಿಯ ಹಾಗೆ ಅದೂ ಸಮುದ್ರದ ಪಕ್ಕದ ನೆಲ. ತಂದೆ ಚರ್ಚಿನ ಪಾದ್ರಿ. ಆಗ ಆ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು, ಹ್ಯಾನೋವರಿನ ರಾಜನೂ ಇಂಗ್ಲೆಂಡಿನ ರಾಜನೂ ಒಬ್ಬನೇ ಆಗಿದ್ದ. ಮುಂದೆ ಇಂಗ್ಲಿಷಿನಲ್ಲಿ ಕನ್ನಡದ ನಿಘಂಟು ಬರೆಯಲಿದ್ದ ಹುಡುಗ ಇಂಗ್ಲೆಂಡಿನ ರಾಜನ ಪ್ರಜೆಯಾಗಿಯೇ ಹುಟ್ಟಿದ. ಇದು ಬರೀ ಕಾಕತಾಳೀಯ, ಆದರೆ ನೆನಪಿಡಲು ಚೆನ್ನಾಗಿದೆ. ಇನ್ನೊಂದು ಕಾಕತಾಳೀಯವೂ ಇದೆ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ 1832ರಲ್ಲಿ.

ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಜನರ ಆಡುಮಾತು ತಗ್ಗು ಜರ್ಮನ್, ಶಾಲೆ ಮತ್ತು ಚರ್ಚಿನ ಭಾಷೆ ಶಿಷ್ಟ ಜರ್ಮನ್. ಸುಂಕಸಾಳದ ತರಗತಿಯನ್ನು ಕಂಡವರಿಗೆ ಇದು ಹೊಸತೆನಿಸದು. ಇಲ್ಲಿಯೂ ಒಂದು ಬೆಂಚಿನಲ್ಲಿ ಹಾಲಕ್ಕಿ ಕನ್ನಡ, ಪಕ್ಕದಲ್ಲಿ ಹವ್ಯಕ ಕನ್ನಡ, ಹಿಂದಿನ ಸಾಲಿನಲ್ಲಿ ಕೊಂಕಣಿ ಇರುತ್ತದೆ. ಪುಸ್ತಕದ ಕನ್ನಡ ಇವರೆಲ್ಲರಿಗೂ ಶಾಲೆಯಲ್ಲಿ ಕಲಿತದ್ದೇ. ಕಿಟೆಲರು ಅದರ ಮೇಲೆ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. ಆ ಕಾಲದ ಪಾದ್ರಿಯ ಮಗನ ಓದು ಹಾಗೆಯೇ ಇರುತ್ತಿತ್ತು.

ಜರ್ಮನ್ ಭಾಷೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಕ್ರಿಯಾಪದದ ತಲೆಗೆ ಒಂದು ತುಣುಕು ಅಂಟಿಕೊಂಡಿರುತ್ತದೆ. ಗೇಬೆನ್ ಎಂದರೆ ಕೊಡು, ಔಫ್ ಎಂದರೆ ಮೇಲೆ. ಎರಡೂ ಸೇರಿ ಔಫ್‌ಗೇಬೆನ್ ಆದರೆ ಕೈಬಿಡು, ಅಂದರೆ ಇಂಗ್ಲಿಷಿನ ಗಿವ್ ಅಪ್. ಅದೇ ಔಫ್‌ಗೇಬೆನ್ ಪದಕ್ಕೆ ಮಕ್ಕಳಿಗೆ ಮನೆಗೆಲಸ ಕೊಡುವುದು ಎಂಬ ಅರ್ಥವೂ ಇದೆ. ಶಿಕ್ಷಕರು ಕೊಡುವುದೂ ಮಕ್ಕಳು ಬಿಡುವುದೂ ಒಂದೇ ಪದ! ವಾಕ್ಯದಲ್ಲಿ ಬಳಸುವಾಗ ಈ ತುಣುಕು ಕ್ರಿಯಾಪದದಿಂದ ಕಳಚಿ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಕೇಳುವವನು ಕೊನೆಯವರೆಗೆ ಕಾಯಬೇಕು, ಅಲ್ಲಿಯವರೆಗೆ ಅರ್ಥ ಪೂರ್ತಿಯಾಗುವುದಿಲ್ಲ. ಹೀಗೆ ಕ್ರಿಯೆಯ ಅರ್ಥ ಕ್ರಿಯಾಪದವೊಂದರಲ್ಲೇ ಇರುವುದಿಲ್ಲ ಎಂಬುದನ್ನು ಜರ್ಮನ್ ಮಗು ಯಾರೂ ಹೇಳಿಕೊಡದೆ ಕಲಿಯುತ್ತದೆ. ಕಿಟೆಲರ ಕಿವಿ ತಯಾರಾದದ್ದು ಇಂಥ ಭಾಷೆಯಲ್ಲಿ.

1850ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ತರಬೇತಿ ಶಾಲೆಗೆ ಸೇರಿದರು. 1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಮಂಗಳೂರಿಗೆ ಬಂದಿಳಿದರು. ನಮ್ಮಲ್ಲಿ ಬಿ.ಎಸ್‌ಸಿ. ಮುಗಿಸುವ ವಯಸ್ಸು ಅದು. ಮಂಗಳೂರಿನಲ್ಲಿ ಮಿಷನ್ 1834ರಿಂದಲೇ ನೆಲೆಯೂರಿತ್ತು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕನ್ನಡದ ಹಳೆಯ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಕಿಟೆಲರು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಊರಿಂದ ಊರಿಗೆ ಹೋದರು. ಬಂದ ಉದ್ದೇಶ ಮತಪ್ರಚಾರ, ಅದನ್ನು ಮುಚ್ಚಿಡಬೇಕಿಲ್ಲ. 1862ರಲ್ಲಿ ಬಂದ ಅವರ ಕಥಾಮಾಲೆ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ. ಆದರೆ ಜನರಿಗೆ ಹೇಳಲು ಹೋದವರು ಜನರಿಂದ ಕೇಳಿಸಿಕೊಳ್ಳುವುದರಲ್ಲೇ ಹೆಚ್ಚು ಮಗ್ನರಾದರು. ಮಿಷನ್ನಿನ ಹಿರಿಯರಿಗೂ ಅವರಿಗೂ ಎಲ್ಲ ಕಾಲದಲ್ಲೂ ಹೊಂದಿಕೆ ಇರಲಿಲ್ಲ.

ಅವರು ಬದುಕಿದ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಒಂದು ಕಡೆ ಕರಾವಳಿ, ಇನ್ನೊಂದು ಕಡೆ ಘಟ್ಟದ ಮೇಲಿನ ಬಯಲುಸೀಮೆ. ಸುಂಕಸಾಳ ಇಂಥ ಎರಡರ ನಡುವಿನ ಊರು. ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಘಟ್ಟ ಹತ್ತುವ ಮೊದಲು ಇಲ್ಲಿ ಹಾದುಹೋಗುತ್ತದೆ. ಹೆಸರಲ್ಲೇ ಸುಂಕವಿದೆ, ಅಂದರೆ ಸರಕು ಹೊತ್ತವರ ಓಡಾಟ ಇಲ್ಲಿ ಹಳೆಯದು. ಹುಬ್ಬಳ್ಳಿ ಕಡೆಯ ಲಾರಿ ಚಾಲಕ ಹೋಟೆಲಿನಲ್ಲಿ ಕುಳಿತು ಹಳೇ ಟೈರನ್ನು ಒಗೆ ಎಂದರೆ ಇಲ್ಲಿಯ ಹುಡುಗರು ನಗುತ್ತಾರೆ. ಅವರಿಗೆ ಒಗೆಯುವುದೆಂದರೆ ಬಟ್ಟೆ, ಅವನಿಗೆ ಒಗೆಯುವುದೆಂದರೆ ಬಿಸಾಡುವುದು. ಇಂಥ ಕಡೆ ಬೆಳೆಯುವ ಮಕ್ಕಳಿಗೆ ಒಂದೇ ಪದ ಎರಡು ಕಡೆ ಎರಡು ಕೆಲಸ ಮಾಡುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಕಿಟೆಲರ ನಿಘಂಟಿನಲ್ಲಿ ಇದು ಮೈಸೂರು ಕಡೆಯ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡದ ಕಡೆಯ ಬಳಕೆ ಎಂದು ಪದದ ಪಕ್ಕದಲ್ಲೇ ಗುರುತು ಹಾಕಿರುವುದು ಇದೇ ಅರಿವಿನಿಂದ.

1860ರಲ್ಲಿ ಅವರು ಪೌಲೀನೆ ಐತ್ ಎಂಬುವರನ್ನು ಮದುವೆಯಾದರು. ನಾಲ್ಕು ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. ಈ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ತೀರು ಎಂದರೆ ಮುಗಿ. ಸಾಲ ತೀರುತ್ತದೆ, ಅಕ್ಕಿ ತೀರುತ್ತದೆ. ಅದಕ್ಕೆ ಕೊಳ್ಳು ಸೇರಿಸಿ ತೀರಿಕೊಂಡರು ಎಂದರೆ ಮನುಷ್ಯರು ಮಾತ್ರ. ಸತ್ತರು ಎನ್ನಲು ಬಾಯಿ ಬಾರದಾಗ ಕನ್ನಡ ಒಂದು ಸಣ್ಣ ಕ್ರಿಯಾಪದದ ಹಿಂದೆ ಇನ್ನೊಂದನ್ನು ಇಡುತ್ತದೆ. ಇಂಗ್ಲಿಷ್ ಕೂಡ ಇದನ್ನೇ ಮಾಡುತ್ತದೆ. ಪಾಸ್ ಎಂದರೆ ದಾಟು, ಪಾಸ್ ಅವೇ ಎಂದರೆ ತೀರಿಕೊಳ್ಳು. ಕೊಳ್ಳು ಮತ್ತು ಅವೇ ಎಂಬೆರಡಕ್ಕೆ ಬಿಡಿಬಿಡಿಯಾಗಿ ಯಾವ ಸಂಬಂಧವೂ ಇಲ್ಲ. ಒಂದು ತನ್ನ ಕಡೆಗೆ ತೆಗೆದುಕೊಳ್ಳುವುದು, ಇನ್ನೊಂದು ದೂರಕ್ಕೆ ಹೋಗುವುದು. ಆದರೂ ಜೋಡಿಯಾದಾಗ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. 1867ರಲ್ಲಿ ಕಿಟೆಲರು ಪೌಲೀನೆಯ ತಂಗಿ ಯೂಲಿಯನ್ನು ಮದುವೆಯಾದರು.

ನಿಘಂಟಿನ ಮೊದಲು ಅವರು ಮಾಡಿದ ಎರಡು ಕೆಲಸಗಳನ್ನು ನಾವು ಪರೀಕ್ಷೆಗಾಗಿ ಮಾತ್ರ ಓದುತ್ತೇವೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ, ಎರಡನ್ನೂ ಸಂಪಾದಿಸಿ ಅಚ್ಚಿಗೆ ಕೊಟ್ಟರು. ಶಬ್ದಮಣಿದರ್ಪಣದಲ್ಲಿ ಕನ್ನಡ ಧಾತುಗಳ ದೊಡ್ಡ ಪಟ್ಟಿಯೇ ಇದೆ. ಹದಿಮೂರನೇ ಶತಮಾನದ ವೈಯಾಕರಣ ಒಂದೊಂದೇ ಧಾತುವನ್ನು ಇಟ್ಟು ಅದರ ಅರ್ಥ ಬರೆದ ಪಟ್ಟಿ ಅದು. ಅದನ್ನು ಸಾಲು ಸಾಲಾಗಿ ತಿದ್ದಿ ಅಚ್ಚು ಹಾಕಿಸಿದವನಿಗೆ ಧಾತುವಿನ ಅರ್ಥ ಎಷ್ಟು, ಅದು ಜನರ ಬಾಯಲ್ಲಿ ಬೆಳೆಸಿಕೊಂಡದ್ದು ಎಷ್ಟು ಎಂಬ ಲೆಕ್ಕ ಸಿಕ್ಕಿರಲೇಬೇಕು.

ಕನ್ನಡಕ್ಕೆ ಆಗ ನಿಘಂಟೇ ಇರಲಿಲ್ಲ ಎಂದು ಕೆಲವರು ಭಾಷಣ ಮಾಡುತ್ತಾರೆ. ಅದು ಸರಿಯಲ್ಲ. ರೀವ್ ಅವರದಿತ್ತು, ಅದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಬೆಂಗಳೂರಿನಿಂದ ಹೊರತಂದದ್ದೂ ಇತ್ತು. ಕಿಟೆಲರಿಗೆ ಅವು ಸಾಲಲಿಲ್ಲ. ಹಳಗನ್ನಡದಿಂದ ಹಿಡಿದು ಅಂದಿನ ಆಡುಮಾತಿನವರೆಗೆ ಎಲ್ಲವೂ ಒಂದೇ ಕಡೆ ಸಿಗಬೇಕು, ಪದ ಎಲ್ಲಿ ಬಳಕೆಯಾಗಿದೆ ಎಂಬ ಆಧಾರ ಬೇಕು, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ನೆಂಟರು ಯಾರು ಎಂದು ತಿಳಿಯಬೇಕು. ಕಾವ್ಯಗಳನ್ನು ಓದಿ ಚೀಟಿ ಮಾಡುವುದು ಒಂದು ಕೆಲಸವಾದರೆ, ಗಾದೆಗಳನ್ನು ಕಲೆಹಾಕುವುದು ಇನ್ನೊಂದು. ಗಾದೆಗಳು ಆ ನಿಘಂಟಿನ ಉದ್ದಕ್ಕೂ ಇವೆ. ವ್ಯಾಕರಣ ತಿಳಿದ ಪಂಡಿತರೂ ಊರಿನ ಸಾಮಾನ್ಯರೂ ಅವರಿಗೆ ನೆರವಾದರು. ಮುಖಪುಟದ ಮೇಲೆ ಇರುವುದು ಒಂದೇ ಹೆಸರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಕೆಲಸ ನಡುವೆ ತುಂಡಾಯಿತು. 1877ರಲ್ಲಿ ಅವರು ಜರ್ಮನಿಗೆ ಮರಳಿದರು. ಆದರೆ ಕನ್ನಡ ಕೇಳಿಸದ ಕಡೆ ಕೂತು ಕನ್ನಡದ ನಿಘಂಟನ್ನು ಎಷ್ಟು ದಿನ ಬರೆಯುವುದು? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು. 1892ರವರೆಗೆ ಇದ್ದು ಕೈಬರಹ ಮುಗಿಸಿ ಹೋದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಕನ್ನಡ, ರೋಮನ್ ಅಕ್ಷರಗಳನ್ನು ಒಂದೇ ಪುಟದಲ್ಲಿ ಕೂರಿಸುವುದು ಎಂಥ ಕೆಲಸವೆಂದು ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ವರದಿ ಟೈಪ್ ಮಾಡಿಯೇ ಸುಸ್ತಾಗುವ ನಮಗೆ ಊಹೆಗೆ ನಿಲುಕದು.

ಈಗ ನಮ್ಮ ಪಾಠದ ವಿಷಯಕ್ಕೆ ಬರೋಣ. ಕನ್ನಡ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯಲು ಕೂತ ಕಿಟೆಲರಿಗೆ ಒಂದು ಅನಿವಾರ್ಯ ಎದುರಾಯಿತು. ಬಿಡು ಎಂಬ ಪದವನ್ನು ತೆಗೆದುಕೊಳ್ಳಿ. ಹಗ್ಗ ಬಿಡು, ಊರು ಬಿಡು, ಬೀಡಿ ಬಿಡು, ಬಸ್ಸು ಬಿಟ್ಟಿತು, ಮಳೆ ಬಿಟ್ಟಿತು, ಮರ ಹೂ ಬಿಟ್ಟಿತು, ಬಣ್ಣ ಬಿಟ್ಟಿತು, ಕಣ್ಣು ಬಿಟ್ಟ, ಶಾಲೆ ಬಿಟ್ಟಿತು, ಶಾಲೆ ಬಿಟ್ಟ. ಕೊನೆಯ ಎರಡನ್ನು ಮತ್ತೊಮ್ಮೆ ಓದಿ. ಶಾಲೆ ಬಿಟ್ಟಿತು ಎಂದರೆ ಸಂಜೆ ಗಂಟೆ ಹೊಡೆಯಿತು, ಶಾಲೆ ಬಿಟ್ಟ ಎಂದರೆ ಆ ಹುಡುಗ ಇನ್ನು ಬರುವುದಿಲ್ಲ. ಇಂಗ್ಲಿಷಿನಲ್ಲಿ ಹಗ್ಗಕ್ಕೆ ಲೆಟ್ ಗೋ, ಬೀಡಿಗೆ ಗಿವ್ ಅಪ್, ಬಸ್ಸಿಗೆ ಸೆಟ್ ಆಫ್, ಮಳೆಗೆ ಲೆಟ್ ಅಪ್, ಶಾಲೆ ಬಿಟ್ಟ ಹುಡುಗನಿಗೆ ಡ್ರಾಪ್ ಔಟ್. ಒಂದು ಕನ್ನಡ ಪದದ ಎದುರು ಇಂಗ್ಲಿಷಿನ ಜೋಡಿ ಕ್ರಿಯಾಪದಗಳು ಸಾಲುಗಟ್ಟಿ ನಿಲ್ಲುತ್ತವೆ. ಬಿಡು, ಎತ್ತು, ಏಳು, ಹಾಕು ಇಂಥ ಸಣ್ಣ ಕ್ರಿಯಾಪದಗಳ ಕೆಳಗೆ ಕಿಟೆಲರ ಇಂಗ್ಲಿಷೂ ಈ ದಾರಿಯನ್ನೇ ಹಿಡಿಯುತ್ತದೆ. ಲ್ಯಾಟಿನ್ ಮೂಲದ ದೊಡ್ಡ ಪದ ಒಂದಿದ್ದರೂ ಅದರ ಪಕ್ಕದಲ್ಲಿ ಕ್ರಿಯಾಪದ ಮತ್ತು ತುಣುಕಿನ ಜೋಡಿ ಬಂದು ಕೂರುತ್ತದೆ. ಜರ್ಮನ್ ಕಿವಿಗೆ ಅದು ಸಹಜವಾಗಿಯೇ ಕೇಳಿಸಿರಬೇಕು.

ಫ್ರೇಸಲ್ ವರ್ಬ್ ಎಂಬ ಹೆಸರು ಆಗ ಬಳಕೆಯಲ್ಲಿರಲಿಲ್ಲ. ಅದು ಹರಡಿದ್ದು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಇಂಗ್ಲಿಷ್ ನುಡಿಗಟ್ಟುಗಳ ಮೇಲೆ ಬರೆದ ಪುಸ್ತಕದಿಂದ. ಹೆಸರು ಕೊಟ್ಟವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಅದರಲ್ಲೇ ಹೇಳಿದ್ದಾರೆ. ಆದರೆ ಸಮಸ್ಯೆಯನ್ನು ಅದಕ್ಕೂ ಬಹಳ ಹಿಂದೆ ಗುರುತಿಸಿದವರು ಸ್ಯಾಮ್ಯುಯೆಲ್ ಜಾನ್ಸನ್. 1755ರ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ಹಿಂದೆ ತುಣುಕು ಸೇರಿ ಅರ್ಥ ಬದಲಾಗುವ ಈ ಜೋಡಿಗಳೇ ಪರದೇಶಿಯರಿಗೆ ಎಲ್ಲಕ್ಕಿಂತ ಕಷ್ಟ ಎಂದು ಅವರು ಒಪ್ಪಿಕೊಂಡಿದ್ದಾರೆ. ಟೇಕ್ ಎಂಬ ಒಂದೇ ಪದಕ್ಕೆ ನೂರಕ್ಕೂ ಹೆಚ್ಚು ಅರ್ಥಗಳನ್ನು ಬರೆದಿದ್ದಾರೆ. ಇಂಗ್ಲಿಷಿನ ಪಂಡಿತನೇ ಕಷ್ಟವೆಂದದ್ದು ನಮ್ಮ ಒಂಬತ್ತನೇ ತರಗತಿಗೆ ಕಷ್ಟವಾದರೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹತ್ತುವುದೇ ಇಲ್ಲ ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಸುಲಭವಾಗಿ ಕೇಳಸಿಗುತ್ತದೆ. ಮಕ್ಕಳೂ ಅದನ್ನು ಕೇಳಿಸಿಕೊಂಡಿರುತ್ತಾರೆ.

ಜಾನ್ಸನ್ನರ ಮಾತನ್ನು ಕಿಟೆಲರ ನಿಘಂಟಿನ ಪಕ್ಕದಲ್ಲಿಟ್ಟರೆ ಇನ್ನೊಂದು ಕಾಣುತ್ತದೆ. ಪರದೇಶಿಯರಿಗೆ ಕನ್ನಡದಲ್ಲಿ ಕಷ್ಟವಾಗುವುದೂ ಇದೇ. ಸುಂಕಸಾಳದ ತರಗತಿಯಲ್ಲಿ ಇದನ್ನು ತೋರಿಸಲು ಊರಿನ ಹೆಸರಿಗೆ ಒಪ್ಪುವ ಗಾದೆಯೊಂದು ಸಿಕ್ಕಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡವನ ಗಾದೆ ಎಲ್ಲ ಮಕ್ಕಳಿಗೂ ಗೊತ್ತು. ಅಲ್ಲಿರುವುದು ಹೇಳುವುದಲ್ಲ, ಹೇಳಿಕೊಳ್ಳುವುದು. ಸುಂಕದವನಿಗೆ ಸರಕಿನ ಲೆಕ್ಕ ಹೇಳಬಹುದು, ಮನಸ್ಸಿನ ಭಾರ ಮಾತ್ರ ಹೇಳಿಕೊಳ್ಳಬೇಕು. ಕಪ್ಪು ಹಲಗೆಯ ಮೇಲೆ ಹೇಳು ಎಂದು ಬರೆದು ಮುಂದೆ ಏನೇನು ಸೇರಿಸಬಹುದು ಎಂದು ಕೇಳಿದರೆ ಮಕ್ಕಳು ತಾವೇ ತುಂಬುತ್ತಾರೆ. ಹೇಳಿಕೊಳ್ಳು, ಹೇಳಿಬಿಡು, ಹೇಳಿಕೊಡು, ಹೇಳಿಹೋಗು, ಹೇಳಿನೋಡು. ಹೇಳಿಬಿಟ್ಟ ಎಂದರೆ ತಡೆಯಲಾರದೆ ಬಾಯಿಂದ ಬಂತು, ಇಂಗ್ಲಿಷಿನ ಬ್ಲರ್ಟ್ ಔಟ್. ಹೇಳಿಕೊಂಡ ಎಂದರೆ ಪೋರ್ ಔಟ್. ಹೇಳಿಕೊಟ್ಟ ಎಂದರೆ ಕಲಿಸಿದ, ನಾವು ಹೊಟ್ಟೆಪಾಡಿಗೆ ಮಾಡಲಿರುವ ಕೆಲಸ. ಕೊಳ್ಳು ಎಂದರೆ ಖರೀದಿಸು ಎಂದು ಅರ್ಥ ಮಾಡಿದರೆ ಹೇಳಿಕೊಳ್ಳು ಏನಾದೀತು ಎಂದು ಕೇಳಿದಾಗ ಇಡೀ ತರಗತಿ ನಕ್ಕಿತು. ಲುಕ್ ಆಫ್ಟರ್ ಎಂದರೆ ಆಮೇಲೆ ನೋಡು ಎಂದು ಅರ್ಥ ಮಾಡುವುದೂ ಅಷ್ಟೇ ನಗುವ ಸಂಗತಿ ಎಂದು ಆಗ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲಿನ ಹತ್ತು ನಿಮಿಷದಲ್ಲಿ ಜೋಡಿಗಳು ಸಲೀಸಾಗಿ ಬಂದವು. ತಿಂದುಹಾಕು ಎಂದರೆ ಈಟ್ ಅಪ್, ಸುಟ್ಟುಹಾಕು ಎಂದರೆ ಬರ್ನ್ ಡೌನ್, ಓಡಿಹೋಗು ಎಂದರೆ ರನ್ ಅವೇ, ಮಾಡಿನೋಡು ಎಂದರೆ ಟ್ರೈ ಔಟ್, ಎತ್ತಿಕೊಳ್ಳು ಎಂದರೆ ಪಿಕ್ ಅಪ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಕು ಎಂದರೆ ಯಾವಾಗಲೂ ಅಪ್, ಹೋಗು ಎಂದರೆ ಯಾವಾಗಲೂ ಅವೇ ಎಂದು ಸೂತ್ರ ಮಾಡಿದರೆ ಪಾಠ ಕೆಡುತ್ತದೆ. ಇಂಗ್ಲಿಷ್ ತನ್ನ ತುಣುಕುಗಳನ್ನು ದಿಕ್ಕುಗಳಿಂದ ಆರಿಸಿಕೊಂಡಿದೆ. ಮೇಲೆ, ಕೆಳಗೆ, ಹೊರಗೆ, ಆಚೆ. ಕನ್ನಡ ಆರಿಸಿಕೊಂಡದ್ದು ಕೈಕಾಲಿನ ಕೆಲಸಗಳಿಂದ. ಬಿಡು, ಹಾಕು, ಕೊಡು, ಕೊಳ್ಳು, ಹೋಗು, ನೋಡು. ಇನ್ನೂ ಒಂದು ಭೇದವಿದೆ. ಹೇಳಿಬಿಟ್ಟ ಎನ್ನುವಾಗ ಹೇಳುವವನ ಪಶ್ಚಾತ್ತಾಪವೋ ನಿರಾಳವೋ ಸೇರಿರುತ್ತದೆ, ಅದು ಅಪ್ ಅಥವಾ ಔಟ್ ಎಂಬುದರಲ್ಲಿ ಅಷ್ಟಾಗಿ ಇಲ್ಲ. ಒಂದಕ್ಕೊಂದು ಸಮವಲ್ಲ, ಆದರೆ ನಡೆಯುವ ರೀತಿ ಒಂದೇ. ಆದ್ದರಿಂದಲೇ ಕಿಟೆಲರು ಒಂದು ಪದದ ಎದುರು ಒಂದೇ ಪದ ಬರೆದು ಮುಂದೆ ಹೋಗಲಿಲ್ಲ. ಕೈ ಎಂಬ ಪದದ ಹತ್ತಿರ ಹೋದರೆ ಕೈಬಿಡು, ಕೈಕೊಳ್ಳು ಎಂದು ಅದರ ಸಂಸಾರವೇ ಕಾಣುತ್ತದೆ, ಒಂದೊಂದಕ್ಕೂ ಬೇರೆ ಅರ್ಥ.

ಪ್ರೆಪೊಸಿಷನ್ನಿನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಹಿಂದೆ ಬೀಳು ಎಂಬ ಜೋಡಿ. ಓದಿನಲ್ಲಿ ಹಿಂದೆ ಬಿದ್ದ ಎಂದರೆ ಫಾಲ್ ಬಿಹೈಂಡ್, ಅವನಿಗೆ ಅಂಕ ಕಡಿಮೆ. ಓದಿನ ಹಿಂದೆ ಬಿದ್ದ ಎಂದರೆ ಗೋ ಆಫ್ಟರ್, ಅವನಿಗೆ ಬೇರೆ ಧ್ಯಾನವೇ ಇಲ್ಲ. ಕ್ರಿಯಾಪದ ಅದೇ, ಹಿಂದೆ ಎಂಬುದೂ ಅದೇ, ಮೊದಲ ಪದದ ವಿಭಕ್ತಿ ಬದಲಾಯಿತು, ಅರ್ಥ ತಿರುಗಿಬಿತ್ತು. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಪ್ರೆಪೊಸಿಷನ್ನೇ ಮಾಡಬೇಕು. ನಮ್ಮಲ್ಲಿ ನಾಮಪದದ ಬಾಲಕ್ಕೆ ಅಂಟುವುದು ಅಲ್ಲಿ ನಾಮಪದದ ಮುಂದೆ ಬಂದು, ಎಂದರೆ ಕ್ರಿಯಾಪದದ ಬೆನ್ನಿಗೆ, ನಿಲ್ಲುತ್ತದೆ. ಲುಕ್ ಅಟ್, ಲುಕ್ ಫಾರ್, ಲುಕ್ ಇನ್‌ಟು, ಲುಕ್ ಆಫ್ಟರ್. ನೋಡು, ಹುಡುಕು, ವಿಚಾರಿಸು, ನೋಡಿಕೊಳ್ಳು. ಇವುಗಳಲ್ಲಿ ತುಣುಕನ್ನು ಕ್ರಿಯಾಪದದಿಂದ ಬೇರ್ಪಡಿಸಲಾಗದು, ಮಗು ಎಂಬ ಪದ ಆಫ್ಟರ್ ಆದ ಮೇಲೆಯೇ ಬರಬೇಕು. ಗಿವ್ ಅಪ್‌ನಲ್ಲಿ ಹಾಗಲ್ಲ, ಇಟ್ ಎಂಬುದು ನಡುವೆ ನುಗ್ಗುತ್ತದೆ. ಪಠ್ಯಪುಸ್ತಕದ ಪಟ್ಟಿ ಇವೆರಡನ್ನೂ ಒಟ್ಟಿಗೆ ಹಾಕಿದ್ದರೆ ಬೇರೆ ಮಾಡಿಕೊಂಡು ಕಲಿಸುವುದು ಒಳ್ಳೆಯದು.

ನಾವು ವಿಜ್ಞಾನದವರು, ಇದು ಇಂಗ್ಲಿಷ್ ಮೆಥಡ್‌ನವರ ತಲೆನೋವು ಎಂದು ಸುಮ್ಮನಿರುವಂತಿಲ್ಲ. ಮುಂದೆ ಕಾಲೇಜಿಗೆ ಹೋದ ಮಗು ದ್ಯುತಿಸಂಶ್ಲೇಷಣೆ ಎಂಬ ಪದಕ್ಕೆ ಹೆದರುವುದಿಲ್ಲ, ಅದಕ್ಕೆ ಇಂಗ್ಲಿಷ್ ಹೆಸರು ಒಂದೇ. ಎಡವುವುದು ಎಲೆ ಇಂಗಾಲದ ಡೈಆಕ್ಸೈಡನ್ನು ಟೇಕ್ ಇನ್ ಮಾಡಿ ಆಮ್ಲಜನಕವನ್ನು ಗಿವ್ ಔಟ್ ಮಾಡುತ್ತದೆ ಎಂಬ ಕಡೆ. ಎರಡೂ ಮೂರನೇ ತರಗತಿಯ ಪದಗಳು, ಆದರೂ ಅರ್ಥ ಕೈಗೆ ಸಿಗದು. ಅನಿಲ ಬಿಡುಗಡೆಯಾಗುವುದು ಗಿವ್ ಆಫ್, ಉಪಕರಣ ಜೋಡಿಸುವುದು ಸೆಟ್ ಅಪ್, ಆಹಾರ ಚೂರಾಗಿ ಸರಳ ವಸ್ತುವಾಗುವುದು ಬ್ರೇಕ್ ಡೌನ್. ಹೊರಬಿಡು, ಒಳತೆಗೆದುಕೊಳ್ಳು ಎಂಬ ಕನ್ನಡ ಜೋಡಿಗಳು ವಿಜ್ಞಾನದ ನಮ್ಮ ಪುಸ್ತಕದಲ್ಲಿ ಆಗಲೇ ಇವೆ. ಪಾಠ ಮಾಡುವಾಗ ಅವನ್ನು ಅಂಚಿನಲ್ಲಿ ಬರೆಸಿದರೆ ಸಾಕು.

ಕಿಟೆಲರ ನಿಘಂಟನ್ನು ಇದಕ್ಕೆ ಬಳಸುವವರು ಎರಡು ವಿಷಯ ಗಮನಿಸಬೇಕು. ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಪುಸ್ತಕ, ಇಂಗ್ಲಿಷ್ ಪದ ಹುಡುಕಿದರೆ ಸಿಗುವುದಿಲ್ಲ. ಕನ್ನಡ ಕ್ರಿಯಾಪದದಿಂದ ಹೊರಟು ಅದರೆದುರಿನ ಇಂಗ್ಲಿಷ್ ಜೋಡಿಗಳನ್ನು ಆರಿಸಿಕೊಳ್ಳಬೇಕು. ಮಕ್ಕಳಿಗೆ ಈ ದಿಕ್ಕೇ ಹೆಚ್ಚು ಸುಲಭ. ಎರಡನೆಯದು, ಆ ಇಂಗ್ಲಿಷ್ 1894ರದ್ದು. ಜೋಡಿ ಕ್ರಿಯಾಪದಗಳು ಬೇಗ ಬದಲಾಗುತ್ತವೆ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಪಾದರಕ್ಷೆ ಕಳಚುವುದಕ್ಕೆ ಪುಟ್ ಆಫ್ ಎಂಬ ಮಾತಿದೆ. ಈಗ ಅದಕ್ಕೆ ಟೇಕ್ ಆಫ್ ಎನ್ನುತ್ತಾರೆ, ಪುಟ್ ಆಫ್ ಎಂದರೆ ಮುಂದೂಡು. ಬೈಬಲ್ ಓದಿ ಬೆಳೆದ ಪಾದ್ರಿಯ ಇಂಗ್ಲಿಷಿನಲ್ಲಿ ಇಂಥವು ಬರುವುದು ಸಹಜ. ಹಾಗಾಗಿ ಅಲ್ಲಿ ಸಿಕ್ಕಿದ್ದನ್ನು ಈಗಿನ ಒಂದು ಇಂಗ್ಲಿಷ್ ನಿಘಂಟಿನಲ್ಲಿ ತಾಳೆ ನೋಡಿಯೇ ಹಲಗೆಯ ಮೇಲೆ ಬರೆಯಬೇಕು.

ನಿಘಂಟು ಬಂದ ಎರಡು ವರ್ಷಕ್ಕೆ, 1896ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಎಪ್ಪತ್ತು ದಾಟಿದ ಮೇಲೂ ಕನ್ನಡ ಬಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ಬರೆದ ವ್ಯಾಕರಣ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ, ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರ ನಡುವೆ ಹೊರತಂದರು. ಮೂಲ ಪ್ರತಿಯ ಸ್ಕ್ಯಾನ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲಿ ತೆರೆಯಬಹುದು. ಮುಂದಿನ ತಂಡದವರು ಬಿಡು, ಎತ್ತು, ಹಾಕು, ಕೊಳ್ ಈ ನಾಲ್ಕು ಪದಗಳಿಂದ ಶುರು ಮಾಡಲಿ. ಅಕ್ಷರ ಬಹಳ ಸಣ್ಣದು, ಹಿಗ್ಗಿಸಿಕೊಂಡೇ ಓದಬೇಕು. ಸುಂಕಸಾಳದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳದೆ ಬೇಕಾದ ಪುಟಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಂಡು ಹೋಗಿ.